ತೂಕ ಇಳಿಯೋದು ನಿಂತುಬಿಟ್ಟಿದೆಯೇ? ಧೈರ್ಯಗೆಡಬೇಡಿ



ನಮ್ಮ ಸಂಘಗಳ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಲೆಕ್ಕ ಮುಗಿದ ಮೇಲೆ ಆರೋಗ್ಯದ ಮಾತು ಬರುತ್ತದೆ. ಈಚೆಗೆ ನಾವು ಎಲ್ಲಿ ಹೋದರೂ ಒಂದು ಪ್ರಶ್ನೆ ಕೇಳಿಬರುತ್ತಿದೆ. "ಶುಗರ್ ಬಂದಿದೆ, ತೂಕ ಇಳಿಸಿ ಅಂತ ಡಾಕ್ಟರು ಹೇಳಿದರು. ಅನ್ನ ಕಡಿಮೆ ಮಾಡಿದೆ, ದಿನಾ ನಡೆದೆ. ಮೊದಲ ಎರಡು ತಿಂಗಳು ಚೆನ್ನಾಗಿ ಇಳಿಯಿತು. ಆಮೇಲೆ ಏನು ಮಾಡಿದರೂ ಮುಳ್ಳು ಅಲ್ಲಾಡುತ್ತಿಲ್ಲ. ಇನ್ನು ಯಾಕೆ ಕಷ್ಟಪಡಬೇಕು?"

ಈ ಪ್ರಶ್ನೆ ಚಿಕ್ಕದಲ್ಲ. ಇದಕ್ಕೆ ಸರಿಯಾದ ಉತ್ತರ ಸಿಗದೆ ಎಷ್ಟೋ ಜನ ನಡಿಗೆಯನ್ನೂ ಪಥ್ಯವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ. ಆರು ತಿಂಗಳಲ್ಲಿ ಹೋದ ತೂಕ ವಾಪಸ್ ಬರುತ್ತದೆ, ಜೊತೆಗೆ ಶುಗರ್, ಬಿಪಿ ಕೂಡ. ಇನ್ನು ಕೆಲವರು ಊಟವನ್ನೇ ಬಿಡುತ್ತಾರೆ. ಮತ್ತೆ ಕೆಲವರು ಸಂಘದಲ್ಲಿ ಸಾಲ ತೆಗೆದು ತೂಕ ಇಳಿಸುವ ಪೌಡರ್ ಡಬ್ಬ ತರುತ್ತಾರೆ. ಆದ್ದರಿಂದ ತೂಕ ಯಾಕೆ ನಿಲ್ಲುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಈ ಸಲ ವಿವರವಾಗಿ ತಿಳಿಯೋಣ.

ಮೊದಲು ಒಂದು ಎಚ್ಚರಿಕೆ

ಎಲ್ಲರೂ ತೂಕ ಇಳಿಸಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ. 30ರಷ್ಟು ಜನರಿಗೆ ತೂಕ ಹೆಚ್ಚು. ಆದರೆ ಅದೇ ಸಮೀಕ್ಷೆಯಲ್ಲಿ ಶೇ. 17ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ಸಣಕಲು. ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಒಂದೇ ಸಂಘದಲ್ಲಿ, ಒಂದೇ ಚಾಪೆಯ ಮೇಲೆ, ಈ ಮೂರೂ ಬಗೆಯವರು ಕೂತಿರುತ್ತಾರೆ. ಪಕ್ಕದವಳು ಮಾಡಿದಳು ಅಂತ ನೀವೂ ಮಾಡಬೇಡಿ. ಗರ್ಭಿಣಿಯರು ತೂಕ ಇಳಿಸಲು ಹೋಗಲೇಬಾರದು. ಎದೆಹಾಲು ಕೊಡುವ ತಾಯಂದಿರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು.

ತೂಕ ಹೆಚ್ಚಿದೆಯೋ ಇಲ್ಲವೋ ತಿಳಿಯಲು ಸುಲಭದ ಉಪಾಯ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೆಂಗಸರಿಗೆ ಈ ಸುತ್ತಳತೆ 80 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಇಂಚಿಗಿಂತ ಹೆಚ್ಚಿದ್ದರೆ ಎಚ್ಚರ ಬೇಕು.

ನಿಜವಾಗಿಯೂ ನಿಂತಿದೆಯೇ?

ಒಂದು ವಾರ ಮುಳ್ಳು ಅಲ್ಲಾಡದಿದ್ದರೆ ತೂಕ ನಿಂತಿತು ಅಂತ ಅರ್ಥವಲ್ಲ. ನಮ್ಮ ದೇಹದಲ್ಲಿ ನೀರಿನ ಅಂಶ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಅನೇಕರಿಗೆ ಒಂದೆರಡು ಕಿಲೋ ಹೆಚ್ಚು ತೋರಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಜಾಸ್ತಿ ತಿಂದ ಮರುದಿನವೂ ಹಾಗೆಯೇ. ಮಲಬದ್ಧತೆ ಇದ್ದರೂ ತೂಕ ಏರಿದ ಹಾಗೆ ಕಾಣುತ್ತದೆ. ಇದು ಕೊಬ್ಬು ಅಲ್ಲ.

ಹಾಗಾಗಿ ವಾರಕ್ಕೆ ಒಂದೇ ಸಲ, ಒಂದೇ ದಿನ, ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಇವತ್ತು ಅಂಗನವಾಡಿಯ ತಕ್ಕಡಿ, ನಾಳೆ ಮೆಡಿಕಲ್ ಶಾಪಿನದು ಅಂತ ಮಾಡಿದರೆ ಲೆಕ್ಕ ತಪ್ಪುತ್ತದೆ. ನಾಲ್ಕು ವಾರ ತೂಕವೂ ಇಳಿಯಲಿಲ್ಲ, ಸೊಂಟದ ಅಳತೆಯೂ ಇಳಿಯಲಿಲ್ಲ ಎಂದಾದರೆ ಮಾತ್ರ 'ನಿಂತಿದೆ' ಎನ್ನಬಹುದು. ತೂಕ ಅಷ್ಟೇ ಇದ್ದು ರವಿಕೆ ಸಡಿಲವಾಗುತ್ತಿದ್ದರೆ ಸಂತೋಷಪಡಿ. ಕೊಬ್ಬು ಕರಗಿ ಸ್ನಾಯು ಗಟ್ಟಿಯಾಗುತ್ತಿದೆ ಎಂದರ್ಥ.

ಯಾಕೆ ನಿಲ್ಲುತ್ತದೆ?

ಇದಕ್ಕೆ ನಾಲ್ಕು ಕಾರಣಗಳಿವೆ. ಯಾವುದೂ ನಿಮ್ಮ ಸೋಮಾರಿತನವಲ್ಲ.

ಒಂದು: ಮೊದಲು ಇಳಿದದ್ದರಲ್ಲಿ ನೀರೂ ಇತ್ತು. ನಾವು ತಿಂದ ಅನ್ನ, ಮುದ್ದೆಯ ಸ್ವಲ್ಪ ಭಾಗವನ್ನು ದೇಹ ಯಕೃತ್ತಿನಲ್ಲಿ ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಹೀಗೆ ಕೂಡಿಟ್ಟ ಒಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಊಟ ಕಡಿಮೆ ಮಾಡಿದಾಗ ಮೊದಲು ಖರ್ಚಾಗುವುದು ಈ ದಾಸ್ತಾನು. ಅದರ ಜೊತೆ ನೀರೂ ಹೋಗುವುದರಿಂದ ಮೊದಲ ವಾರಗಳಲ್ಲಿ ತೂಕ ಸರಸರ ಇಳಿಯುತ್ತದೆ. ಆಮೇಲೆ ನಿಜವಾದ ಕೊಬ್ಬು ಕರಗಬೇಕು. ಅದು ನಿಧಾನ.

ಎರಡು: ಹಗುರವಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು. ಇದು ನಮ್ಮ ಸಂಘದ ಬಡ್ಡಿ ಲೆಕ್ಕದ ಹಾಗೇ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಸಾಲಕ್ಕೆ ಮೊದಲ ತಿಂಗಳು 100 ರೂಪಾಯಿ ಬಡ್ಡಿ. ಅಸಲು 6,000ಕ್ಕೆ ಇಳಿದರೆ ಬಡ್ಡಿ 60 ರೂಪಾಯಿ ಮಾತ್ರ. ತೂಕ ಅಂದರೆ ಅಸಲು, ದೇಹ ದಿನಾ ಸುಡುವ ಶಕ್ತಿ ಅಂದರೆ ಬಡ್ಡಿ. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಭಾರವಿದ್ದಾಗ ಮೆಟ್ಟಿಲು ಹತ್ತಲು, ನೀರು ಹೊರಲು ಹೆಚ್ಚು ಶಕ್ತಿ ಬೇಕಾಗುತ್ತಿತ್ತು, ಈಗ ಬೇಡ.

ಮೂರು: ದೇಹ ಬರಗಾಲ ಬಂತು ಎಂದುಕೊಳ್ಳುತ್ತದೆ. ಮನೆಗೆ ಬರುವ ಕೂಲಿ ಕಡಿಮೆಯಾದರೆ ನಾವು ಕೈ ಬಿಗಿ ಹಿಡಿಯುತ್ತೇವಲ್ಲ, ದೇಹವೂ ಹಾಗೇ ಮಾಡುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರ ಮೇಲೆ, ಅವರ ಒಪ್ಪಿಗೆಯಿಂದಲೇ, ಒಂದು ಪ್ರಯೋಗ ಮಾಡಿದರು. 24 ವಾರ ಅರೆಹೊಟ್ಟೆ ಊಟ ಕೊಟ್ಟಾಗ ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಆದರೆ ಸುಮ್ಮನೆ ಮಲಗಿರುವಾಗ ದೇಹ ಸುಡುವ ಶಕ್ತಿ ಸುಮಾರು ಶೇ. 40ರಷ್ಟು ಇಳಿದುಹೋಯಿತು. ಅವರಿಗೆ ಚಳಿಯಾಗುತ್ತಿತ್ತು, ಸುಸ್ತು, ಸಿಟ್ಟು, ಯಾವಾಗಲೂ ಊಟದ್ದೇ ಯೋಚನೆ. ಓಡಾಟ ತಾನಾಗಿಯೇ ಕಡಿಮೆಯಾಯಿತು. ಉಪವಾಸ ಬಿದ್ದು ತೂಕ ಇಳಿಸುವವರಿಗೆ ಇದೇ ಆಗುವುದು.

ನಾಲ್ಕು: ಹಸಿವು ಹೆಚ್ಚುತ್ತದೆ, ಅಳತೆ ತಪ್ಪುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಒಂದು ಕಿಲೋ ತೂಕ ಇಳಿದರೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ, ಆದರೆ ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಅಂದರೆ ತೂಕವನ್ನು ವಾಪಸ್ ಎಳೆಯುವ ದೊಡ್ಡ ಕೈ ಹಸಿವಿನದು. ಮೊದಲ ತಿಂಗಳ ಶ್ರದ್ಧೆ ಮೂರನೇ ತಿಂಗಳಿಗೆ ನಮಗೇ ಗೊತ್ತಿಲ್ಲದ ಹಾಗೆ ಸಡಿಲವಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

72 ಕಿಲೋ ಇದ್ದ ಒಬ್ಬ ಸದಸ್ಯೆ ಅಂತ ಇಟ್ಟುಕೊಳ್ಳಿ. ಅವರು ದಿನಕ್ಕೆ 400 ಕ್ಯಾಲೊರಿ ಕಡಿಮೆ ತಿಂದರು. 6 ಕಿಲೋ ಇಳಿದು 66 ಆಯಿತು. ಈಗ ಅವರ ದೇಹದ ಖರ್ಚೇ ದಿನಕ್ಕೆ ಸುಮಾರು 150 ಕ್ಯಾಲೊರಿ ಕಡಿಮೆಯಾಗಿದೆ. 400ರಲ್ಲಿ 150 ಹೋಯಿತು, ಉಳಿದದ್ದು 250.

ಈ ನಡುವೆ ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಜಾಸ್ತಿ ಬಿತ್ತು, ಅದು 120 ಕ್ಯಾಲೊರಿ. ಸಂಜೆ ಟಿವಿ ನೋಡುತ್ತಾ ಒಂದು ಹಿಡಿ ಕಡಲೆಕಾಯಿ ಬೀಜ, ಅದು ಸುಮಾರು 130. ಎರಡೂ ಸೇರಿ 250. ಉಳಿತಾಯ ಸೊನ್ನೆ!

ನೋಡಿ, ಈ ಸಹೋದರಿ ಏನೂ ದೊಡ್ಡ ತಪ್ಪು ಮಾಡಲಿಲ್ಲ. ಬಿರಿಯಾನಿ ತಿನ್ನಲಿಲ್ಲ, ಬೇಕರಿಗೆ ಹೋಗಲಿಲ್ಲ. ಆದರೂ ತೂಕ ನಿಂತಿತು. ಹನಿ ಹನಿಗೂಡಿದರೆ ಹಳ್ಳ ಎನ್ನುವುದು ಉಳಿತಾಯಕ್ಕೆ ಮಾತ್ರವಲ್ಲ, ಎಣ್ಣೆಗೂ ಸಲ್ಲುತ್ತದೆ.

ಹಾಗಾದರೆ ಏನು ಮಾಡಬೇಕು?

1. ಏಳು ದಿನ ಬರೆದಿಡಿ. ಸಂಘದ ನಗದು ಪುಸ್ತಕದಲ್ಲಿ ಒಂದು ರೂಪಾಯಿಯನ್ನೂ ಬಿಡದೆ ಬರೆಯುತ್ತೇವೆ. ಹಾಗೆಯೇ ಬಾಯಿಗೆ ಹೋದದ್ದನ್ನೆಲ್ಲ ಏಳು ದಿನ ಬರೆಯಿರಿ. ಬರೆಯಲು ಬಾರದವರು ಮಗಳ ಕೈಲಿ ಬರೆಸಿ. ಹೆಚ್ಚಿನವರು ಮರೆಯುವುದು ಇವು: ಅಡಿಗೆ ಮಾಡುತ್ತಾ ರುಚಿ ನೋಡಿದ್ದು, ಕೆಲಸದ ಜಾಗದ ಟೀ, ಮತ್ತು ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು. "ಹಾಳಾಗಬಾರದಲ್ಲ" ಅಂತ ಕೊನೆಗೆ ಪಾತ್ರೆ ಬಳಿದು ತಿನ್ನುವವಳು ಮನೆಯ ಹೆಂಗಸು. ಅನ್ನ ಹಾಳು ಮಾಡುವುದು ಬೇಡ, ಸರಿ. ಆದರೆ ಅದಕ್ಕೆ ಉಪಾಯ ಅಳತೆ ನೋಡಿ ಅಡಿಗೆ ಮಾಡುವುದು, ಮಕ್ಕಳಿಗೆ ಸ್ವಲ್ಪ ಸ್ವಲ್ಪವೇ ಬಡಿಸುವುದು. ನಿಮ್ಮ ಹೊಟ್ಟೆ ಕಸದ ಬುಟ್ಟಿಯಲ್ಲ.

2. ಎಣ್ಣೆಯನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಿರಿ. ಚಮಚದ ಲೆಕ್ಕ ತಪ್ಪಬಹುದು, ಪ್ಯಾಕೆಟ್ಟಿನ ಲೆಕ್ಕ ತಪ್ಪದು. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಬೇಕಾದರೆ, ಒಬ್ಬರಿಗೆ ದಿನಕ್ಕೆ 33 ಮಿಲಿಲೀಟರ್ ಆಯಿತು. ಅದರಲ್ಲೇ ಸುಮಾರು 270 ಕ್ಯಾಲೊರಿ! ನಾಲ್ಕು ಜನಕ್ಕೆ ಎರಡೂವರೆ ಲೀಟರಿಗೆ ಇಳಿಸಿ. ತಿಂಗಳ ಮೊದಲ ದಿನವೇ ಅಷ್ಟನ್ನು ಬೇರೆ ಡಬ್ಬಕ್ಕೆ ಹಾಕಿ, ಮುಗಿದರೆ ಮುಗಿಯಿತು. ಮಿಕ್ಕ ಒಂದೂವರೆ ಲೀಟರಿನ ದುಡ್ಡು ನಿಮ್ಮ ಉಳಿತಾಯದ ಪುಸ್ತಕಕ್ಕೆ ಬರಲಿ. ತೆಂಗಿನಕಾಯಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 100 ಗ್ರಾಂ ಹಸಿ ಕೊಬ್ಬರಿಯಲ್ಲಿ ಸುಮಾರು 400 ಕ್ಯಾಲೊರಿ ಇದೆ. ಕಾಯಿ ಬಿಡಬೇಕಾಗಿಲ್ಲ, ಒಂದು ಹೋಳು ತುರಿಯುವ ಕಡೆ ಅರ್ಧ ತುರಿಯಿರಿ.

3. ತಟ್ಟೆಯನ್ನು ಭಾಗ ಮಾಡಿ. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ತಟ್ಟೆ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಕಾಲು ತಟ್ಟೆ ಅನ್ನ, ಮುದ್ದೆ ಅಥವಾ ರೊಟ್ಟಿ. ನಮ್ಮಲ್ಲಿ ಇದು ಉಲ್ಟಾ ಇರುತ್ತದೆ: ಬೆಟ್ಟದಷ್ಟು ಅನ್ನ, ಅದರ ಮೇಲೆ ನೀರು ಸಾರು. "ರಾಗಿ ತಿಂದರೆ ತೂಕ ಏರಲ್ಲ" ಎನ್ನುವವರಿದ್ದಾರೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಅದು ಒಳ್ಳೆಯದೇ. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320. ವ್ಯತ್ಯಾಸ ಬಹಳ ಇಲ್ಲ. ಎರಡು ದೊಡ್ಡ ಮುದ್ದೆಯ ಬದಲು ಒಂದು ಸಣ್ಣ ಮುದ್ದೆ, ಜೊತೆಗೆ ಒಂದು ಬಟ್ಟಲು ಗಟ್ಟಿ ಕಾಳು. ಇದೇ ಉಪಾಯ.

4. ಪ್ರೋಟೀನ್ ಹೆಚ್ಚಿಸಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗಿದಷ್ಟೂ ದೇಹದ ಖರ್ಚು ಇಳಿಯುತ್ತದೆ. ಇದನ್ನು ತಡೆಯುವುದು ಪ್ರೋಟೀನ್ ಮತ್ತು ಮೈಬಗ್ಗಿಸುವ ಕೆಲಸ. ಪ್ರೋಟೀನ್ ಹೊಟ್ಟೆ ತುಂಬಿದ ತೃಪ್ತಿಯನ್ನೂ ಕೊಡುತ್ತದೆ. ಇದಕ್ಕೆ ದುಬಾರಿ ಡಬ್ಬ ಬೇಡ. ಹುರುಳಿಕಾಳು, ಹೆಸರುಕಾಳು, ಅಲಸಂದೆಯಲ್ಲಿ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದೆ. ಕರಿಯಬೇಡಿ, ಸಾರು ಮಾಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

5. ಕುಡಿಯುವುದನ್ನೂ ಲೆಕ್ಕ ಹಾಕಿ. ಒಂದು ಸಣ್ಣ ಚಮಚ ಸಕ್ಕರೆಗೆ 20 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಟೀ, ಲೋಟಕ್ಕೆ ಎರಡು ಚಮಚ ಎಂದರೆ ಸಕ್ಕರೆಯಿಂದಲೇ 160. ಬೆಲ್ಲ ಹಾಕಿದರೂ ಲೆಕ್ಕ ಅಷ್ಟೇ. ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿದರೆ ಕೊಬ್ಬು ಕರಗುವುದಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲೇ 60 ಕ್ಯಾಲೊರಿ ಇದೆ.

6. ನಡಿಗೆಯ ಜೊತೆ ಬಲದ ವ್ಯಾಯಾಮ ಸೇರಿಸಿ. "ಮನೆಕೆಲಸವೇ ವ್ಯಾಯಾಮ ಅಲ್ಲವೇ?" ಎಂದು ಕೇಳುತ್ತೀರಿ. ಹೌದು, ಗದ್ದೆ ನೆಡುವುದು, ಸೌದೆ ಹೊರುವುದು ವ್ಯಾಯಾಮವೇ. ಆದರೆ ಮಿಕ್ಸಿ, ಗ್ಯಾಸ್, ನಲ್ಲಿ ನೀರು ಬಂದ ಮೇಲೆ ಮನೆಕೆಲಸದ ಬೆವರು ಕಡಿಮೆಯಾಗಿದೆ. ಬೀಡಿ ಕಟ್ಟುವವರು, ಹೊಲಿಗೆ ಮಾಡುವವರು ದಿನವಿಡೀ ಕೂತೇ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಮನೆಯಲ್ಲೇ ಮಾಡಬಹುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಕೂರಿ. ಗೋಡೆಗೆ ಎರಡೂ ಕೈ ಕೊಟ್ಟು ಹತ್ತು ಸಲ ದೂಡಿ. ನೀರು ತುಂಬಿದ ಬಾಟಲಿ ಹಿಡಿದು ಹತ್ತು ಸಲ ಕೈ ಮೇಲೆತ್ತಿ. ಹೀಗೆ ಮೂರು ಸುತ್ತು. ಮಂಡಿ ನೋವಿರುವವರು ಎತ್ತರದ ಕುರ್ಚಿ ಬಳಸಿ. ಎದೆನೋವು, ಉಬ್ಬಸ ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

7. ನಿದ್ದೆ ಕೆಡಬೇಡಿ. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಹೆಚ್ಚುತ್ತದೆ, ಸಿಹಿ ಬೇಕೆನಿಸುತ್ತದೆ. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ, ಮೊಬೈಲು, ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಬುತ್ತಿ. ಇದರ ನಡುವೆ ಆರು ಗಂಟೆಯ ನಿದ್ದೆಯೂ ಸಿಗುವುದಿಲ್ಲ. ಏಳು ಗಂಟೆ ನಿದ್ದೆ ಸಿಗುವ ಹಾಗೆ ಮನೆಯವರೂ ಕೆಲಸ ಹಂಚಿಕೊಳ್ಳಲಿ.

ಇವೆಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಎರಡನ್ನು ಆರಿಸಿಕೊಳ್ಳಿ, ನಾಲ್ಕು ವಾರ ಮಾಡಿ, ತೂಕ ಮತ್ತು ಸೊಂಟ ಎರಡನ್ನೂ ಮತ್ತೆ ನೋಡಿ.

ಇವನ್ನು ಮಾತ್ರ ಮಾಡಬೇಡಿ

ಊಟ ಬಿಟ್ಟು ತೂಕ ಇಳಿಸಬೇಡಿ. ಬೇಗ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು, ರಕ್ತಹೀನತೆ ಇದ್ದವರಿಗೆ ಇನ್ನೂ ನಿತ್ರಾಣ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಶುಗರ್ ತೀರಾ ಇಳಿದು ಎಚ್ಚರ ತಪ್ಪಬಹುದು.

ಪೌಡರ್, ಚಹಾ, ಬೆಲ್ಟು ಎಂದು ಮನೆ ಬಾಗಿಲಿಗೆ ಬರುವ ಸಾಮಾನಿಗೆ ಸಂಘದ ಸಾಲ ತೆಗೆಯಬೇಡಿ. ಪೌಡರ್ ಕುಡಿದು ಒಂದು ಹೊತ್ತಿನ ಊಟ ಬಿಟ್ಟರೆ ತೂಕ ಇಳಿಯುವುದು ಊಟ ಬಿಟ್ಟದ್ದರಿಂದ. ಡಬ್ಬ ಮುಗಿದ ದಿನ ತೂಕ ವಾಪಸ್, ಸಾಲದ ಕಂತು ಮಾತ್ರ ಉಳಿಯುತ್ತದೆ. ಆ ದುಡ್ಡಿಗೆ ಮೊಟ್ಟೆ, ಕಾಳು ತಂದರೆ ಮನೆಯವರೆಲ್ಲ ತಿನ್ನಬಹುದು. 2025ರಲ್ಲಿ ನಮ್ಮ ದೇಶಕ್ಕೆ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳೂ ಬಂದಿವೆ. ಅವು ನಿಜವಾಗಿ ಕೆಲಸ ಮಾಡುವ ಔಷಧಿಗಳೇ. ಆದರೆ ಡಾಕ್ಟರು ಪರೀಕ್ಷಿಸಿ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಅದರಲ್ಲೂ ಕೆಲವು ತಿಂಗಳ ಮೇಲೆ ತೂಕ ಒಂದು ಕಡೆ ನಿಲ್ಲುತ್ತದೆ, ಬಿಟ್ಟರೆ ಅನೇಕರಿಗೆ ಮತ್ತೆ ಏರುತ್ತದೆ.

ಡಾಕ್ಟರನ್ನು ಯಾವಾಗ ಕಾಣಬೇಕು?

ಎಲ್ಲವನ್ನೂ ಸರಿಯಾಗಿ ಮಾಡಿದರೂ ಮೂರು ತಿಂಗಳು ತೂಕ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಸುಸ್ತು, ಚಳಿ, ಕೂದಲು ಉದುರುವುದು, ಮುಟ್ಟಿನ ಏರುಪೇರು ಇದ್ದರೆ ಕಾಯಬೇಡಿ, ಬೇಗ ಹೋಗಿ. ಥೈರಾಯ್ಡ್ ಅಥವಾ ಪಿಸಿಓಡಿ ಇರಬಹುದು. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಶುಗರ್ ಮಾತ್ರೆ, ಮನೋರೋಗದ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬದಲಿ ಇದೆಯೇ ಎಂದು ಕೇಳಿ. ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಖುಷಿಪಡಬೇಡಿ. ಅದು ಟಿಬಿ, ಶುಗರ್ ಅಥವಾ ಬೇರೆ ಕಾಯಿಲೆಯ ಗುರುತಾಗಿರಬಹುದು, ತಕ್ಷಣ ತೋರಿಸಿ.

ಮುಳ್ಳು ನಿಂತರೂ ಲಾಭ ನಿಂತಿಲ್ಲ

ಈ ಕೊನೆಯ ಮಾತನ್ನು ಗಮನವಿಟ್ಟು ಓದಿ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಶುಗರ್ ಬರುವ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆಯೇನೂ ಇಲ್ಲದ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಶುಗರ್ ಬಂತು. ದಿನಾ ನಡೆಯಿರಿ, ಸಕ್ಕರೆ, ಎಣ್ಣೆ ಕಡಿಮೆ ಮಾಡಿ ಎಂದು ಮತ್ತೆ ಮತ್ತೆ ಹೇಳಿ ಮಾಡಿಸಿದ ಗುಂಪಿನಲ್ಲಿ ನೂರಕ್ಕೆ 39 ಜನರಿಗೆ ಮಾತ್ರ. ಆಶ್ಚರ್ಯವೇನು ಗೊತ್ತೇ? ಈ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ!

ಅಂದರೆ ನೀವು ನಡೆದ ಹೆಜ್ಜೆ, ಕಡಿಮೆ ಮಾಡಿದ ಎಣ್ಣೆ ವ್ಯರ್ಥವಾಗಿಲ್ಲ. ತಕ್ಕಡಿಗೆ ಕಾಣದಿದ್ದರೂ ರಕ್ತಕ್ಕೆ ಗೊತ್ತಾಗುತ್ತದೆ. 72 ಕಿಲೋದವರು ಶೇ. 5, ಅಂದರೆ ಮೂರೂವರೆ ಕಿಲೋದಷ್ಟು ಇಳಿಸಿ ಅದನ್ನು ಉಳಿಸಿಕೊಂಡರೂ ಶುಗರ್, ಬಿಪಿ ಎರಡಕ್ಕೂ ಒಳ್ಳೆಯದಾಗುತ್ತದೆ. ಇಳಿದದ್ದು ವಾಪಸ್ ಬರದಂತೆ ಕಾಯುವುದೇ ಒಂದು ಸಾಧನೆ. ಮನೆಯಲ್ಲಿ ಯಾರಾದರೂ "ಅಷ್ಟು ನಡೆದು ಏನಾಯ್ತು?" ಎಂದು ಹಂಗಿಸಿದರೆ ಈ ಲೆಕ್ಕ ಹೇಳಿ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ.

ಸಂಘದ ಸಭೆಯಲ್ಲಿ ಚರ್ಚಿಸೋಣ

• ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಬರುತ್ತದೆ? ತಲೆಗೆ ಎಷ್ಟು ಬೀಳುತ್ತದೆ?

• ನಮ್ಮಲ್ಲಿ 30 ವರ್ಷ ದಾಟಿದವರೆಲ್ಲ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪರೀಕ್ಷೆ ಮಾಡಿಸಿದ್ದೇವೆಯೇ? ಮಾಡಿಸದವರನ್ನು ಯಾವ ದಿನ ಒಟ್ಟಿಗೆ ಕರೆದುಕೊಂಡು ಹೋಗೋಣ?

• ಸಂಜೆ ಅರ್ಧ ಗಂಟೆ ಯಾರು ಯಾರು ಜೊತೆಯಾಗಿ ನಡೆಯಬಹುದು? ಆ ಹೊತ್ತಿನಲ್ಲಿ ಮನೆಯ ಕೆಲಸ ಯಾರು ನೋಡಿಕೊಳ್ಳುತ್ತಾರೆ?

• ಸಂಘಕ್ಕೆ ಒಂದು ಟೇಪು ತರೋಣವೇ? ತಿಂಗಳಿಗೊಮ್ಮೆ ಅಳತೆ ನೋಡಿ ಅವರವರ ಪುಸ್ತಕದಲ್ಲೇ ಬರೆದುಕೊಳ್ಳೋಣ. ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ಓದುವುದು ಬೇಡ.